ಒಂದೇ ಎಪಿಸೋಡು, ಮನೆಯೊಳಗೆ ನಾಲ್ಕು ಜಗಳ

ಪ್ರಶ್ನೆ: ಕಳೆದ ಶನಿವಾರ ರಾತ್ರಿ ಊಟ ಮುಗಿಸಿ ಮನೆಯವರೆಲ್ಲ ಕೂತು ಟಿವಿಯಲ್ಲಿ ಒಂದು ಕ್ರೈಂ ಸೀರಿಯಲ್ ನೋಡಿದೆವು. ಕತೆ ಬೆಂಗಳೂರಿನದೇ. ಈಶಾನ್ಯದ ಕಡೆಯ ಹುಡುಗನೊಬ್ಬನನ್ನು ರಾತ್ರಿ ಬಸ್‌ಸ್ಟಾಪಿನಲ್ಲಿ ಆರು ಜನ ಸೇರಿ ಹೊಡೆದು ಸಾಯಿಸುತ್ತಾರೆ. ಮೊದಲು ಮೊಬೈಲ್ ಕಳ್ಳರ ಕೆಲಸ ಅಂತ ಕೇಸು. ಕೊನೆಗೆ ಲೇಡಿ ಇನ್‌ಸ್ಪೆಕ್ಟರ್ ಪತ್ತೆ ಮಾಡುತ್ತಾಳೆ, ಅವನ ಮುಖ ನೋಡಿ, ಮಾತು ಕೇಳಿ ಹೊಡೆದದ್ದು ಅಂತ. ಮುಗಿದ ಮೇಲೆ ಮನೆಯಲ್ಲಿ ದೊಡ್ಡ ಜಗಳ. ಮಾವನವರು, "ಊರಿನ ಮಾನ ತೆಗೆದರು, ಚಾನೆಲ್ ಮೇಲೆ ಕಂಪ್ಲೇಂಟ್ ಕೊಡಬೇಕು" ಅಂದರು. ಮೈದುನ, "ನಮ್ಮವರು ಏಟು ತಿಂದದ್ದನ್ನು ಯಾರೂ ತೋರಿಸಲ್ಲ" ಅಂದ. ಅತ್ತೆ ಅತ್ತುಬಿಟ್ಟರು. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿರುವ ನರ್ಸ್ ಹುಡುಗಿ ಮಣಿಪುರದವಳು, ಅವಳೂ ಜೊತೆಗೆ ಕೂತಿದ್ದಳು. ಅರ್ಧಕ್ಕೇ ಎದ್ದು ಹೋದಳು. ಮೊದಲ ಸೀನಿನಲ್ಲಿ ಆ ಹುಡುಗನನ್ನು "ಏಯ್ ನೇಪಾಳಿ" ಅಂತ ರೇಗಿಸುವಾಗ ನಾವೆಲ್ಲ ನಕ್ಕಿದ್ದೆವು. ಅದಕ್ಕೇ ಬೇಜಾರಾಯಿತೋ ಏನೋ. ಒಂದೇ ಕತೆ ನೋಡಿ ಇಷ್ಟು ಬೇರೆ ಬೇರೆ ಯಾಕೆ ಅನ್ನಿಸುತ್ತದೆ? ಇಂಥ ಅಪರಾಧಕ್ಕೆ ನಿಜವಾಗಿಯೂ ಬೇರೆ ಕಾನೂನು ಇದೆಯಾ? ಹದಿಮೂರು ವರ್ಷದ ಮಗನಿಗೆ ಇಂಥದ್ದನ್ನು ತೋರಿಸಬಹುದಾ?
ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರೂ ಇದ್ದಾರೆ. ಮಾವನವರು, ಮೈದುನ, ಅತ್ತೆ, ಇನ್‌ಸ್ಪೆಕ್ಟರ್, ಆರು ಜನ ಆರೋಪಿಗಳು. ಸತ್ತ ಹುಡುಗನ ಹೆಸರು ಮಾತ್ರ ಇಲ್ಲ. ಇದನ್ನು ತಪ್ಪು ಹುಡುಕಲಿಕ್ಕೆ ಹೇಳುತ್ತಿಲ್ಲ. ಎಪಿಸೋಡಿನಲ್ಲಿ ಅವನ ಹೆಸರು ಬಂದಿರುವುದೇ ಒಂದೋ ಎರಡೋ ಸಲ ಇರಬೇಕು. ಮನೆಯ ಜಗಳದ ಬೇರು ಅಲ್ಲೇ ಇದೆ ಅಂತ ನನ್ನ ಅಂದಾಜು.

ನಾನು ಕ್ರಿಮಿನಲ್ ಕೇಸು ನಡೆಸುವ ಲಾಯರ್. ಅದರ ಜೊತೆಗೆ ಸೀರಿಯಲ್ ತಂಡದವರು ಕೇಳಿದಾಗ ಸ್ಟೇಷನ್ ಸೀನು, ಕೋರ್ಟ್ ಸೀನು ಓದಿ ತಿದ್ದಿಕೊಡುತ್ತೇನೆ. ಕ್ರೈಂ ಕತೆ ಹೇಗೆ ಕಟ್ಟುತ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಮೊದಲ ಪ್ರಶ್ನೆ ಒಂದೇ: ಯಾರು ಮಾಡಿದ್ದು? ಪ್ರತಿ ಜಾಹೀರಾತು ಬ್ರೇಕಿನ ಮುಂಚೆ ಒಬ್ಬನ ಮೇಲೆ ಅನುಮಾನ ಬರಬೇಕು. ಬ್ರೇಕ್ ಆದ ಮೇಲೆ ಅವನು ಅಲ್ಲ ಅಂತ ಆಗಬೇಕು. ಕೊನೆಯ ಹತ್ತು ನಿಮಿಷದಲ್ಲಿ ಟ್ವಿಸ್ಟ್. ಆಸ್ತಿ ಜಗಳದ ಕೊಲೆಗೆ, ಪ್ರೇಮದ ಕೊಲೆಗೆ ಈ ಅಚ್ಚು ಸರಿಯಾಗಿ ಕೂರುತ್ತದೆ. ದ್ವೇಷದ ಅಪರಾಧಕ್ಕೆ ಕೂರುವುದಿಲ್ಲ. ಅಲ್ಲಿ ಯಾರು ಅನ್ನುವುದು ಸಾಮಾನ್ಯವಾಗಿ ಮೊದಲ ದಿನವೇ ಬೀದಿಗೆಲ್ಲ ಗೊತ್ತಿರುತ್ತದೆ. ನೋಡಿದವರು ಇಪ್ಪತ್ತು ಜನ ಇರುತ್ತಾರೆ, ಮೊಬೈಲಿನಲ್ಲಿ ವಿಡಿಯೊ ಇರುತ್ತದೆ. ಉಳಿಯುವ ಪ್ರಶ್ನೆ, ಇವನನ್ನೇ ಯಾಕೆ ಹೊಡೆದರು ಅನ್ನುವುದು.

ನಿಮ್ಮ ಎಪಿಸೋಡು ಆ "ಯಾಕೆ"ಯನ್ನೇ ಟ್ವಿಸ್ಟ್ ಮಾಡಿ ಕೊನೆಗೆ ಇಟ್ಟಿತು. ಅಲ್ಲಿಯವರೆಗೆ ಮುಕ್ಕಾಲು ಗಂಟೆ ನೀವೆಲ್ಲ ಹುಡುಕುತ್ತಿದ್ದದ್ದು "ಯಾರು" ಅಂತ. ಕೊನೆಗೆ ಸಿಕ್ಕ ಉತ್ತರ "ನಮ್ಮಂಥ ಹುಡುಗರು" ಅಂತ. ಮಾವನವರಿಗೆ ಸಿಟ್ಟು ಬಂತು. ಕತೆ ಕೇಳಿದ ಪ್ರಶ್ನೆಗೇ ಅವರು ಜಗಳ ಆಡಿದ್ದಾರೆ. ಬೇರೆ ಪ್ರಶ್ನೆಯನ್ನು ಕತೆ ಅವರ ಮುಂದೆ ಇಡಲೇ ಇಲ್ಲವಲ್ಲ!

ಇನ್ನೊಂದು ಮಾತು. ಸ್ಕ್ರಿಪ್ಟ್ ಚರ್ಚೆಯಲ್ಲಿ ನಾನು ಪದೇ ಪದೇ ನೋಡಿರುವ ಸಂಗತಿ ಇದು. ಕತೆ ದ್ವೇಷದ ಬಗ್ಗೆ ಅಂತ ಗೊತ್ತಾದ ಕೂಡಲೇ ಹೆಸರುಗಳನ್ನು ಕತ್ತರಿಸಲು ಶುರು ಮಾಡುತ್ತಾರೆ. ಒಂದು ಕತೆಯಲ್ಲಿ ಆರೋಪಿಯ ಹೆಸರಿನ ಅರ್ಧ ಹೋಯಿತು. ಆಮೇಲೆ ಅವನ ಊರು ಹೋಯಿತು. ಆಮೇಲೆ ಅವನ ಹಣೆಯ ಮೇಲೆ, ಕೈಯ ಮೇಲೆ, ಬೈಕಿನ ಮೇಲೆ ಏನೂ ಇರಬಾರದು ಅಂತಾಯಿತು. ಅವನು ಆಡುವ ಬೈಗುಳಕ್ಕೆ "ಬೀಪ್" ಬಂತು. ಕೊನೆಗೆ ಒಬ್ಬರು, "ಸಾರ್, ಇವನಿಗೆ ಚಿಕ್ಕಂದಿನಲ್ಲಿ ತಲೆಗೆ ಪೆಟ್ಟಾಗಿತ್ತು ಅಂತ ಮಾಡೋಣ್ವಾ?" ಅಂದರು. ಅಲ್ಲಿಗೆ ದ್ವೇಷ ಪೂರ್ತಿ ಹೊರಟೇ ಹೋಯಿತು. ಉಳಿದದ್ದು ಒಬ್ಬ ಸೈಕೋ. ಸೈಕೋ ಮಾಡಿದರೆ ನೋಡುವವರಿಗೆ ನೆಮ್ಮದಿ. ನಮಗೂ ಅದಕ್ಕೂ ಸಂಬಂಧ ಇಲ್ಲ, ಅಲ್ವಾ? ನಿಮ್ಮ ಎಪಿಸೋಡು ಕಡೇಪಕ್ಷ ಅಷ್ಟು ಕೆಳಗಿಳಿದಿಲ್ಲ. ಅದಕ್ಕೇ ಮನೆಯಲ್ಲಿ ಜಗಳವಾಯಿತು. ಸೈಕೋ ಕತೆಗೆ ಯಾರೂ ಜಗಳ ಆಡುವುದಿಲ್ಲ, ಚಾನೆಲ್ ಬದಲಿಸಿ ಮಲಗುತ್ತಾರೆ.

ಒಂದೇ ಕತೆ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುವುದು ಹೊಸದೇನಲ್ಲ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1971ರಲ್ಲಿ "ಆಲ್ ಇನ್ ದ ಫ್ಯಾಮಿಲಿ" ಅನ್ನುವ ಹಾಸ್ಯ ಧಾರಾವಾಹಿ ಶುರುವಾಯಿತು. ಅದರ ಯಜಮಾನ ಆರ್ಚಿ ಬಂಕರ್‌ಗೆ ಕರಿಯರು, ಯಹೂದಿಗಳು, ಹೊರಗಿನಿಂದ ಬಂದವರು ಯಾರನ್ನು ಕಂಡರೂ ಆಗುವುದಿಲ್ಲ. ಅವನ ಪೂರ್ವಗ್ರಹವನ್ನು ಗೇಲಿ ಮಾಡುವುದು ತಯಾರಕರ ಉದ್ದೇಶ. ನೀಲ್ ವಿಡ್ಮರ್ ಮತ್ತು ಮಿಲ್ಟನ್ ರೋಕೀಚ್ ಅನ್ನುವ ಇಬ್ಬರು ಸಂಶೋಧಕರು ನೋಡುವವರನ್ನೇ ಕೇಳಿ ನೋಡಿದರು. 1974ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ, ಮೊದಲೇ ಪೂರ್ವಗ್ರಹ ಜಾಸ್ತಿ ಇದ್ದವರಿಗೆ ಆರ್ಚಿ ಮೇಲೇ ಅಭಿಮಾನ. ಅವನು ಹೇಳುವುದೇ ಸರಿ ಅಂತ ಅವರಿಗೆ ಕಂಡಿತ್ತು. ಇಲ್ಲದವರಿಗೆ ಅದೇ ದೃಶ್ಯದಲ್ಲಿ ಅವನು ಪೆದ್ದನಾಗಿ ಕಂಡಿದ್ದ. ಇಬ್ಬರೂ ನಕ್ಕಿದ್ದರು. ನಕ್ಕ ಕಾರಣ ಬೇರೆ.

ನಿಮ್ಮ ಮನೆಯ "ನೇಪಾಳಿ" ನಗುವಿಗೂ ಇದು ಅನ್ವಯಿಸುತ್ತದೆ. ಬರೆದವರು ಆ ಸೀನು ಇಟ್ಟದ್ದು ಮುಂದೆ ಆಗುವ ಕೊಲೆಗೆ ಬೀಜ ಬಿತ್ತಲಿಕ್ಕೆ. ಆದರೆ ಹಿನ್ನೆಲೆಯಲ್ಲಿ ತಮಾಷೆಯ ಮ್ಯೂಸಿಕ್ ಹಾಕಿದ್ದರೆ, ರೇಗಿಸುವವನು ಕಾಮಿಡಿ ನಟ ಆಗಿದ್ದರೆ, ನೀವು ನಗದೆ ಇನ್ನೇನು ಮಾಡುತ್ತೀರಿ? ಅಲ್ಲಿ ನಿರ್ದೇಶಕರ ಕೈ ಜಾರಿದೆ. ಆದರೂ ನಕ್ಕದ್ದು ನಿಮಗೆ ನೆನಪಿದೆ, ಬರೆದೂ ಇದ್ದೀರಿ. ಮಾವನವರ ಸಿಟ್ಟಿಗಿಂತ ಇದು ನನಗೆ ಮುಖ್ಯವಾಗಿ ಕಂಡಿತು.

ಆ ಹುಡುಗಿಯ ವಿಷಯಕ್ಕೆ ಬರೋಣ. ಯಾಕೆ ಎದ್ದು ಹೋದಳು ಅಂತ ಅವಳನ್ನು ಕೇಳದೆ ನಾನಾಗಲಿ ನೀವಾಗಲಿ ತೀರ್ಮಾನ ಮಾಡುವುದು ಬೇಡ. ಮಣಿಪುರದವಳು ಅಂದಿರಿ. 2023ರ ಮೇ ತಿಂಗಳಿಂದ ಅಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸೆ ನಡೆದಿದೆ. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಅವಳ ಮನಸ್ಸಿಗೆ ಬಂದದ್ದು ನಮ್ಮ ಬಸ್‌ಸ್ಟಾಪೋ, ತನ್ನ ಊರೋ, ಮರುದಿನದ ಬೆಳಗಿನ ಶಿಫ್ಟೋ, ಯಾರಿಗೆ ಗೊತ್ತು? ಆದರೆ ಒಂದನ್ನು ಹೇಳಬಲ್ಲೆ. ಇಂಥ ಎಪಿಸೋಡುಗಳಲ್ಲಿ ಹೊಡೆಯುವ ದೃಶ್ಯವನ್ನು ಒಂದು ಸಲ ತೋರಿಸಿ ಬಿಡುವುದಿಲ್ಲ. ಶುರುವಿಗೆ ಒಮ್ಮೆ, ಬ್ರೇಕಿನ ಮುಂಚೆ ಒಮ್ಮೆ, ಕೊನೆಗೆ ಸ್ಲೋಮೋಷನ್ನಿನಲ್ಲಿ ಮತ್ತೊಮ್ಮೆ. ನಿಮ್ಮ ಅತ್ತೆಗೆ ಅದು ಕರುಳು ಹಿಂಡುವ ಸೀನು. ಅದೇ ಥರದ ಮುಖ ಇಟ್ಟುಕೊಂಡು ರಾತ್ರಿ ಡ್ಯೂಟಿ ಮುಗಿಸಿ ಅದೇ ಥರದ ಬಸ್‌ಸ್ಟಾಪಿನಲ್ಲಿ ನಿಲ್ಲುವವಳಿಗೆ ಅದು ಬೇರೆ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 2012ರ ಆಗಸ್ಟ್ ನೆನಪಿರಬೇಕು ನಿಮಗೆ. ತಮ್ಮ ಮೇಲೆ ದಾಳಿಯಾಗುತ್ತದೆ ಅಂತ ಎಸ್ಸೆಮ್ಮೆಸ್‌ನಲ್ಲಿ ಹರಡಿದ ಸುದ್ದಿ ನಂಬಿ ಈಶಾನ್ಯದ ಸಾವಿರಾರು ಜನ ಬ್ಯಾಗು ಹೊತ್ತು ಮೆಜೆಸ್ಟಿಕ್‌ನ ಸಿಟಿ ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಂದೇ ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಅಂತ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಮಿತಿ ಹಾಕಿತು. ಅದಾದ ಒಂದೂವರೆ ವರ್ಷಕ್ಕೆ, 2014ರ ಜನವರಿಯಲ್ಲಿ, ದೆಹಲಿಯ ಲಾಜ್‌ಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಹೊಡೆತ ತಿಂದು ಸತ್ತ. ಜಗಳ ಶುರುವಾದದ್ದು ಅವನ ಕೂದಲನ್ನು ಗೇಲಿ ಮಾಡಿದ್ದರಿಂದ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್ಬರುವಾ ಸಮಿತಿ ಬಂತು. ಇಂಥ ಜನಾಂಗೀಯ ನಿಂದನೆಗೆ ದಂಡಸಂಹಿತೆಯಲ್ಲಿ ಪ್ರತ್ಯೇಕ ಕಲಂ ಬೇಕು ಅಂತ ಅದೇ ವರ್ಷ ಶಿಫಾರಸು ಮಾಡಿತು.

ಊರಿನ ಮಾನ ತೆಗೆದರು ಅನ್ನುವ ಮಾವನವರ ಮಾತನ್ನು ಒಪ್ಪುವುದು ಕಷ್ಟ. 2016ರ ಜನವರಿ ಕೊನೆಯ ದಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹರಿದು ಒಬ್ಬ ಹೆಂಗಸು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ಜಾಗಕ್ಕೆ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ದೇಶ ಬೇರೆ, ಕಾರು ಬೇರೆ. ಸೇರುತ್ತಿದ್ದದ್ದು ಬಣ್ಣ ಒಂದೇ. 2018ರ ಮೇನಲ್ಲಿ ಮಕ್ಕಳ ಕಳ್ಳರ ವಾಟ್ಸಾಪ್ ವದಂತಿ ಹರಡಿದ್ದಾಗ, ಚಾಮರಾಜಪೇಟೆಯ ಹತ್ತಿರ ರಾಜಸ್ಥಾನದ ಕೂಲಿ ಹುಡುಗನನ್ನು ಹಗ್ಗ ಕಟ್ಟಿ ಎಳೆದಾಡಿ ಹೊಡೆದು ಕೊಂದರು. ಇದು ದ್ವೇಷದ ಅಪರಾಧವೋ ವದಂತಿಯ ಹುಚ್ಚೋ ಅಂತ ಆಗಲೂ ವಾದ ನಡೆದಿತ್ತು. ನನ್ನ ಮಟ್ಟಿಗೆ ಎರಡರ ನಡುವೆ ಗೋಡೆ ಇಲ್ಲ. ಅನುಮಾನ ಬಂದಾಗ ಗುಂಪಿನ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ? ಪರ ಊರಿನವನ ಮೇಲೆ.

ಮೈದುನನ ಮಾತಿಗೂ ಉತ್ತರ ಕೊಡಬೇಕು. ನಮ್ಮವರೂ ಏಟು ತಿಂದಿದ್ದಾರೆ, ಅದು ನಿಜ. ಅದಕ್ಕೆ ಬೇರೆ ಎಪಿಸೋಡು ಬೇಕು ಅಂತ ಕೇಳಲಿ, ನ್ಯಾಯವಾದ ಬೇಡಿಕೆ. ಆದರೆ ಈ ಹುಡುಗನ ಹೆಣದ ಪಕ್ಕ ಆ ಲೆಕ್ಕ ತಂದಿಟ್ಟರೆ ಎರಡೂ ಕೇಸು ಕೆಡುತ್ತವೆ. ಕೋರ್ಟಿನಲ್ಲೂ ಇದೇ ಆಟ ನೋಡುತ್ತೇನೆ. ಆರೋಪಿ ಪರ ವಕೀಲರು ಸತ್ತವನದೇ ತಪ್ಪು ಹುಡುಕುತ್ತಾ ಹೋಗುತ್ತಾರೆ, ಕುಡಿದಿದ್ದನಂತೆ, ಮೊದಲು ಬೈದದ್ದು ಅವನೇ ಅಂತೆ. ಅವರ ಕಸುಬು ಅದು. ಸೋಫಾ ಮೇಲೆ ಕೂತವರಿಗೆ ಆ ಕಸುಬು ಯಾಕೆ?

ಇನ್ನು ಕಾನೂನು. ಕೊನೆಯ ಸೀನಿನಲ್ಲಿ ಇನ್‌ಸ್ಪೆಕ್ಟರ್ ಏನೋ ಒಂದು ಸೆಕ್ಷನ್ ಹೇಳಿರಬೇಕು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 103(2)ನೇ ಕಲಂ ಹೊಸದು. ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಒಟ್ಟಾಗಿ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆ ಇಂಥ ಕಾರಣಕ್ಕೆ ಕೊಲೆ ಮಾಡಿದರೆ, ಆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ. ಕೊಲೆಯಾಗದೆ ತೀವ್ರ ಗಾಯವಾದರೆ 117(4), ಏಳು ವರ್ಷದವರೆಗೆ ಶಿಕ್ಷೆ. ನಿಮ್ಮ ಕತೆಯಲ್ಲಿ ಆರು ಜನ, ಹಾಗಾಗಿ ಕಲಂ ಕೂರುತ್ತದೆ. ನಾಲ್ಕೇ ಜನ ಇದ್ದಿದ್ದರೆ ಮಾಮೂಲಿ ಕೊಲೆ ಕೇಸು. ಈ ಐದರ ಲೆಕ್ಕ ನನಗೆ ಇವತ್ತಿಗೂ ಒಗ್ಗಿಲ್ಲ. ಇಬ್ಬರ ದ್ವೇಷ ಕಡಿಮೆ ದ್ವೇಷವೇ? ಪಟ್ಟಿಯಲ್ಲಿ "ಧರ್ಮ" ಅನ್ನುವ ಪದ ಇಲ್ಲ ಅನ್ನುವುದನ್ನೂ ಗಮನಿಸಿ. ಸಮುದಾಯ, ನಂಬಿಕೆ ಅನ್ನುವ ಪದಗಳ ಅಡಿಯಲ್ಲಿ ಅದನ್ನು ವಾದಿಸಬೇಕಾಗುತ್ತದೆ.

ಇದರ ಹಿಂದೆ ಸುಪ್ರೀಂ ಕೋರ್ಟಿನ 2018ರ ಜುಲೈ 17ರ ತೀರ್ಪು ಇದೆ. ಗುಂಪು ಹಿಂಸೆ ತಡೆಯಲು ಪ್ರತಿ ಜಿಲ್ಲೆಗೂ ಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು, ವಿಚಾರಣೆ ಬೇಗ ಮುಗಿಯಬೇಕು, ಸಂಸತ್ತು ಪ್ರತ್ಯೇಕ ಅಪರಾಧ ಅಂತ ಮಾಡುವುದನ್ನು ಯೋಚಿಸಲಿ ಅಂತ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ 2025ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧದ ಮಸೂದೆಯನ್ನೂ ಗದ್ದಲದ ನಡುವೆ ಪಾಸು ಮಾಡಿದರು. ಅದರ ಒತ್ತು ಹೆಚ್ಚಾಗಿ ಮಾತು, ಪ್ರಚಾರದ ಮೇಲೆ. ಬಸ್‌ಸ್ಟಾಪಿನ ಕೊಲೆಗೆ ಸಂಹಿತೆಯ ಕಲಮೇ ಗತಿ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯಕ್ಕೆ 1989ರ ಕಾಯ್ದೆ ಬೇರೆಯೇ ಇದೆ. ಈಶಾನ್ಯದವರೆಲ್ಲ ಅದರೊಳಗೆ ಬರುವುದಿಲ್ಲ, ಉದಾಹರಣೆಗೆ ಮೈತೇಯಿ ಜನ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ. ಆ ಕಾಯ್ದೆಯಲ್ಲಿ ಒಂದು ತಿದ್ದುಪಡಿ ನಡೆಯಿತು, ಸೀರಿಯಲ್ ಬರೆಯುವವರು ಯಾರೂ ಅದನ್ನು ಮುಟ್ಟಿದ್ದು ನಾನು ಕಂಡಿಲ್ಲ. ಮೊದಲು, ಗಂಭೀರ ಅಪರಾಧಗಳಲ್ಲಿ "ಈ ಜಾತಿಯವನು ಅನ್ನುವ ಕಾರಣಕ್ಕೇ" ಮಾಡಿದ್ದು ಅಂತ ಪ್ರಾಸಿಕ್ಯೂಷನ್ ಸಾಬೀತು ಮಾಡಬೇಕಿತ್ತು. ಆರೋಪಿಯ ಮನಸ್ಸಿನೊಳಗೆ ಇಳಿದು ನೋಡುವವರು ಯಾರು? ಕೇಸುಗಳು ಬಿದ್ದುಹೋಗುತ್ತಿದ್ದವು. 2015ರ ತಿದ್ದುಪಡಿ ಅದನ್ನು "ಆ ಜಾತಿಯವನು ಅಂತ ಗೊತ್ತಿದ್ದೂ" ಅಂತ ಮಾಡಿತು. ಗೊತ್ತಿತ್ತು ಅಂತ ತೋರಿಸುವುದು ಸುಲಭ. ಒಂದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

103(2)ರಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಕಾರಣವನ್ನೇ ಸಾಬೀತು ಮಾಡಬೇಕು. ಸ್ಟೇಷನ್ನಿನಲ್ಲಿ ಕೇಸು ನಿಲ್ಲುವುದೂ ಬೀಳುವುದೂ ಅಲ್ಲೇ. ಕಂಪ್ಲೇಂಟ್ ಬರೆಯುವಾಗ ಬೈದ ಮಾತನ್ನು ಇದ್ದ ಹಾಗೇ ಬರೆಯಬೇಕು. "ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ಸ್ಟೇಷನ್ನಿನ ರೈಟರ್ ಒಂದು ಸಾಲು ಗೀಚಿ ಮುಗಿಸಿದರೆ, ಯಾವ ಶಬ್ದ ಅನ್ನುವ ಸಾಕ್ಷ್ಯ ಅಲ್ಲೇ ಸತ್ತಿತು. ಹಳೇ ಜಗಳ ಇತ್ತಾ, ಜೇಬಿನಿಂದ ದುಡ್ಡು, ಮೊಬೈಲು ಹೋಗಿತ್ತಾ, ಅದೇ ಬಸ್‌ಸ್ಟಾಪಿನಲ್ಲಿ ಬೇರೆ ಜನ ನಿಂತಿರುವಾಗ ಇವನನ್ನೇ ಯಾಕೆ ಆರಿಸಿದರು, ಆರೋಪಿಗಳ ಫೋನಿನಲ್ಲಿ ಹಿಂದಿನ ವಾರ ಏನು ಫಾರ್ವರ್ಡ್ ಆಗಿತ್ತು, ಇವೆಲ್ಲ ಸೇರಿಯೇ "ಯಾಕೆ" ಅನ್ನುವುದು ಕೋರ್ಟಿನಲ್ಲಿ ನಿಲ್ಲುತ್ತದೆ. ನಿಮ್ಮ ಇನ್‌ಸ್ಪೆಕ್ಟರ್ ಆರೋಪಿಗೆ ಎರಡು ಬಾರಿಸಿ ತಪ್ಪೊಪ್ಪಿಗೆ ಪಡೆದಿದ್ದರೆ, ಅದನ್ನು ಕೋರ್ಟು ಮೂಸಿಯೂ ನೋಡುವುದಿಲ್ಲ.

ಲಂಡನ್ನಿನ ಒಂದು ಕೇಸು ಇಲ್ಲಿ ಹೇಳಲೇಬೇಕು. 1993ರ ಏಪ್ರಿಲ್ 22ರ ರಾತ್ರಿ ಸ್ಟೀಫನ್ ಲಾರೆನ್ಸ್ ಅನ್ನುವ ಹದಿನೆಂಟರ ಕರಿಯ ಹುಡುಗ ಬಸ್ಸಿಗೆ ಕಾಯುತ್ತಿದ್ದಾಗ ಬಿಳಿ ಹುಡುಗರ ಗುಂಪು ಚುಚ್ಚಿ ಕೊಂದಿತು. ನಿಮ್ಮ ಎಪಿಸೋಡಿನವರು ಬಸ್‌ಸ್ಟಾಪನ್ನು ಅಲ್ಲಿಂದಲೇ ಎತ್ತಿದರೋ ಏನೋ! ಪೊಲೀಸರು ತನಿಖೆ ಹಾಳು ಮಾಡಿದರು. 1999ರಲ್ಲಿ, ಆ ತನಿಖೆಯನ್ನು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವರದಿ, ಲಂಡನ್ ಪೊಲೀಸರಲ್ಲಿ ಸಾಂಸ್ಥಿಕ ಜನಾಂಗೀಯತೆ ಇದೆ, ಅಂದರೆ ಒಬ್ಬಿಬ್ಬರಲ್ಲಲ್ಲ, ಇಡೀ ವ್ಯವಸ್ಥೆಯಲ್ಲೇ ಇದೆ ಅಂದಿತು. ಹೊಡೆತ ತಿಂದವರಿಗೋ ಬೇರೆ ಯಾರಿಗೋ ಇದು ಜನಾಂಗದ್ವೇಷ ಅನ್ನಿಸಿದರೆ ಪೊಲೀಸರು ಮೊದಲು ಹಾಗೆಂದೇ ದಾಖಲಿಸಬೇಕು ಅಂತಲೂ ಹೇಳಿತು. ಸಾಬೀತು ಆಮೇಲಿನ ಮಾತು. ಅದೇ ವರ್ಷ ಐಟಿವಿ ವಾಹಿನಿ ಆ ಕತೆಯನ್ನು ನಾಟಕವಾಗಿ ತೋರಿಸಿತು. ಅದರ ಕೇಂದ್ರದಲ್ಲಿ ಜಾಣ ಪತ್ತೇದಾರ ಇರಲಿಲ್ಲ. ಇದ್ದವರು ಹುಡುಗನ ಅಪ್ಪ ಅಮ್ಮ, ಸ್ಟೇಷನ್ನಿಗೆ ಅಲೆದು ಅಲೆದು ಸುಸ್ತಾದವರು. ಯಾರು ಮಾಡಿದ್ದು ಅನ್ನುವ ಗುಟ್ಟೇ ಅಲ್ಲಿರಲಿಲ್ಲ. ಅಂಥ ಕತೆ ನೋಡಿದವರು ಸತ್ತ ಹುಡುಗನ ಹೆಸರು ಮರೆಯುವುದಿಲ್ಲ. ಕೊಂದವರಲ್ಲಿ ಇಬ್ಬರಿಗೆ ಶಿಕ್ಷೆಯಾದದ್ದು 2012ರ ಜನವರಿಯಲ್ಲಿ.

ನಮ್ಮಲ್ಲೂ ಹೀಗೇ. ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿನಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಉಲ್ಟಾ ಹೊಡೆದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದಾಳಿಯ ಕೇಸು 2014ರದು, ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ. 98 ಜನರಿಗೆ ಜೀವಾವಧಿ. ಅದರ ಮೇಲ್ಮನವಿಯೂ ಹೈಕೋರ್ಟಿಗೆ ಹೋಯಿತು. ಅತ್ತೆಯವರು ಕೊನೆಗೆ ಆರೋಪಿಗಳಿಗೆ ಕೋಳ ಬಿದ್ದದ್ದು ನೋಡಿ ಸಮಾಧಾನ ಮಾಡಿಕೊಂಡಿದ್ದರೆ, ಆ ಸಮಾಧಾನ ಸೀರಿಯಲ್ಲಿನದು. ದ್ವೇಷದ ಅಪರಾಧಗಳ ಲೆಕ್ಕ ಇಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2017ರಲ್ಲಿ ಅಂಕಿಅಂಶ ಸೇರಿಸಲು ಹೊರಟಿತ್ತು. ಅದು ನಂಬುವಂತಿಲ್ಲ ಅಂತ ಕೈಬಿಟ್ಟೆವು ಅಂತ ಸರ್ಕಾರವೇ ಸಂಸತ್ತಿಗೆ ಹೇಳಿತು.

ಮಾವನವರು ಕಂಪ್ಲೇಂಟ್ ಕೊಡುವುದಾದರೆ ಕೊಡಲಿ, ಅದು ಅವರ ಹಕ್ಕು. ಮೊದಲು ಚಾನೆಲ್ಲಿಗೇ ಬರೆಯಬೇಕು. 2021ರ ನಿಯಮದ ಪ್ರಕಾರ ಚಾನೆಲ್ 15 ದಿನದೊಳಗೆ ಇತ್ಯರ್ಥ ಮಾಡಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ಪ್ರಸಾರಕರ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗಬಹುದು. "ಊರಿನ ಮಾನ ಹೋಯಿತು" ಅನ್ನುವ ದೂರು ಅಲ್ಲಿ ನಿಲ್ಲುವುದು ಕಷ್ಟ. ಹೊಡೆಯುವ ದೃಶ್ಯವನ್ನು ಮೂರು ಸಲ ತೋರಿಸಿದರು, ಸಮುದಾಯವೊಂದನ್ನು ರೇಗಿಸುವ ಪದವನ್ನು ತಮಾಷೆ ಮಾಡಿದರು ಅಂತ ಬರೆದರೆ ಓದುವವರು ಓದಿಯಾರು.

ಮಗನ ಬಗ್ಗೆ. ಒಟಿಟಿಯಲ್ಲಾದರೆ ಯು/ಎ 13+, ಯು/ಎ 16+ ಅಂತ ವಯಸ್ಸಿನ ಗುರುತು ಹಾಕುವುದು ಕಡ್ಡಾಯ, ಅದನ್ನು ನೋಡಿಕೊಳ್ಳಿ. ಟಿವಿಯಲ್ಲಿ ನಿಮ್ಮ ಕಣ್ಣೇ ಅಳತೆ. ಹದಿಮೂರರ ಹುಡುಗ ಇದಕ್ಕಿಂತ ಭೀಕರವಾದದ್ದನ್ನು ಮೊಬೈಲಿನಲ್ಲಿ ನೋಡಿರುತ್ತಾನೆ, ಒಬ್ಬನೇ. ನಾನಾದರೆ ತೋರಿಸುತ್ತೇನೆ, ಪಕ್ಕದಲ್ಲಿ ಕೂತು. ಬೇಕಾದರೆ ಹೊಡೆಯುವ ದೃಶ್ಯ ಓಡಿಸಿಬಿಡಿ, ಅದರಲ್ಲಿ ಕಲಿಯುವುದೇನೂ ಇಲ್ಲ. "ಏಯ್ ನೇಪಾಳಿ" ಸೀನು ಬಂದಾಗ ನಿಲ್ಲಿಸಿ, ನಿನ್ನ ಕ್ಲಾಸಿನಲ್ಲಿ ಯಾರನ್ನು ಹೀಗೆ ಕರೆಯುತ್ತಾರೆ ಅಂತ ಕೇಳಿ. ಅವನ ಹತ್ತಿರ ಉತ್ತರ ಖಂಡಿತ ಇರುತ್ತದೆ. ಅವನು ಹೇಳಿ ಮುಗಿಸುವವರೆಗೆ ಮಾವನವರು ನಡುವೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ.